ಮಾಲ್ಟಾದ ಚಾರಿತ್ರಿಕ ಸ್ಥಳಗಳಿಗೆ ಒಂದೊಂದು ದಿನದ ಪ್ರವಾಸ: ಯಾವುದನ್ನು ಯಾವುದರ ಜೊತೆ ಸೇರಿಸಬೇಕು?

ಹೇಮಾವತಿ ತೀರ (ಹಾಸನ)

ಎಲ್ಲರಿಗೂ ನಮಸ್ಕಾರ. ಬರುವ ಏಪ್ರಿಲ್ ತಿಂಗಳಲ್ಲಿ ನಾನು, ನನ್ನ ತಂದೆಯವರು ಮತ್ತು ತಾಯಿಯವರು ಮಾಲ್ಟಾ ದ್ವೀಪಕ್ಕೆ ಹೋಗಿಬರಬೇಕೆಂದು ನಿಶ್ಚಯಿಸಿದ್ದೇವೆ. ನನ್ನ ತಮ್ಮ ಅಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತಿದ್ದು, ರಾಜಧಾನಿ ವಲೆಟ್ಟಾಕ್ಕೆ ಸಮೀಪದ ಮ್ಸೀದಾ ಎಂಬ ಊರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಾನೆ. ಆದ್ದರಿಂದ ಉಳಿದುಕೊಳ್ಳುವ ಚಿಂತೆ ನಮಗಿಲ್ಲ. ಆದರೆ ಅವನಿಗೆ ಪಾಳಿಯ ಕೆಲಸವಿರುವುದರಿಂದ ಹಗಲಿನಲ್ಲಿ ನಮ್ಮೊಡನೆ ತಿರುಗಾಡಲು ಆಗುವುದಿಲ್ಲ. ಬೆಳಿಗ್ಗೆ ಹೊರಟು ಸಂಜೆ ಅವನ ಮನೆಗೆ ಮರಳುವಂತೆ ನಾವೇ ಪ್ರವಾಸಗಳನ್ನು ಹೊಂದಿಸಿಕೊಳ್ಳಬೇಕಾಗಿದೆ.

ತಂದೆಯವರು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದವರು. ಶಾಲೆಯ ಮಕ್ಕಳನ್ನು ಹಳೇಬೀಡಿಗೆ ಕರೆದುಕೊಂಡು ಹೋದಾಗಲೂ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯನ್ನು ಸುತ್ತಿ ಮುಗಿಸುವುದಕ್ಕೇ ಅರ್ಧ ದಿನ ತೆಗೆದುಕೊಳ್ಳುತ್ತಿದ್ದರು. ಮಾಲ್ಟಾದ ಪ್ರವಾಸಿ ಸಂಸ್ಥೆಗಳ ಜಾಹೀರಾತುಗಳನ್ನು ನೋಡಿದರೆ ಒಂದೇ ದಿನದಲ್ಲಿ ಐದಾರು ಸ್ಥಳಗಳನ್ನು ತುಂಬಿರುತ್ತಾರೆ. ಅಂಥ ಓಟ ಅವರಿಗೆ ಹಿಡಿಸುವುದಿಲ್ಲವೆಂದು ನನಗೆ ಗೊತ್ತಿದೆ. ನಮ್ಮ ಕೈಯಲ್ಲಿ ಒಂದು ವಾರದಷ್ಟು ಸಮಯವಿದೆ. ಯಾವ ಸ್ಥಳಗಳನ್ನು ಬಿಡಲೇಬಾರದು, ಯಾವುದನ್ನು ಯಾವುದರ ಜೊತೆ ಒಂದೇ ದಿನಕ್ಕೆ ಸೇರಿಸಬಹುದು, ಇವಕ್ಕೆಲ್ಲ ಬಸ್ಸೇ ಸಾಕೇ ಎಂಬುದನ್ನು ಅಲ್ಲಿಗೆ ಹೋಗಿಬಂದವರು ಅಥವಾ ಆ ದ್ವೀಪದ ಚರಿತ್ರೆಯನ್ನು ಬಲ್ಲವರು ತಿಳಿಸಿದರೆ ಬಹಳ ಉಪಕಾರವಾಗುತ್ತದೆ.

ಬಳಪದ ಕಲ್ಲು (ಬೇಲೂರು)

ತಮ್ಮ ತಂದೆಯವರಂಥವರು ನೋಡಲೇಬೇಕಾದ ದ್ವೀಪ ಅದು. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು, ಸಾಧ್ಯವಾದರೆ ವಿಮಾನದ ಟಿಕೆಟ್ ತೆಗೆಯುವುದಕ್ಕೂ ಮೊದಲು, ಹಾಲ್ ಸಫ್ಲಿಯೇನಿ ಹೈಪೋಜಿಯಮ್‌ಗೆ ಪ್ರವೇಶದ ಟಿಕೆಟ್ ಕಾಯ್ದಿರಿಸಿಕೊಳ್ಳಿ. ಪಾವೊಲಾ ಎಂಬ ಊರಿನ ಮನೆಗಳ ಕೆಳಗೆ, ಬಂಡೆಯನ್ನು ಮೂರು ಹಂತಗಳಲ್ಲಿ ಕೊರೆದು ಮಾಡಿದ ನೆಲದಡಿಯ ಸಮಾಧಿ ಸ್ಥಳವಿದು, ಕ್ರಿ.ಪೂ. 4000ರಿಂದ ಕ್ರಿ.ಪೂ. 2500ರ ನಡುವೆ ಬಳಕೆಯಲ್ಲಿತ್ತು. 1902ರಲ್ಲಿ ಮನೆ ಕಟ್ಟುವ ಕೆಲಸಗಾರರು ನೀರಿನ ತೊಟ್ಟಿಗಾಗಿ ಅಗೆಯುವಾಗ ಇದು ಬೆಳಕಿಗೆ ಬಂತು. ಸುಮಾರು 7,000 ಜನರ ಅಸ್ಥಿಗಳು ಇಲ್ಲಿದ್ದವೆಂದು ಅಂದಾಜಿಸಲಾಗಿದೆ. ಕಂಬ, ತೊಲೆ, ಬಾಗಿಲುವಾಡಗಳನ್ನೆಲ್ಲ ಅದೇ ಕಾಲದ, ದೊಡ್ಡ ಕಲ್ಲುಗಳಿಂದ ಕಟ್ಟಿದ ನೆಲದ ಮೇಲಿನ ಗುಡಿಗಳಲ್ಲಿ ಇರುವಂತೆಯೇ ಒಳಗಿನ ಬಂಡೆಯಲ್ಲಿ ಕಡೆದಿರುವುದರಿಂದ, ಮೇಲಿನ ಗುಡಿಗಳು ಚಾವಣಿ ಕಳೆದುಕೊಳ್ಳುವ ಮೊದಲು ಹೇಗೆ ಕಾಣುತ್ತಿದ್ದಿರಬಹುದೆಂದು ಊಹಿಸಲು ಇದಕ್ಕಿಂತ ಒಳ್ಳೆಯ ಆಧಾರ ಬೇರೊಂದಿಲ್ಲ. ಚಾವಣಿಯ ಮೇಲೆ ಕೆಮ್ಮಣ್ಣಿನ ಬಣ್ಣದಿಂದ ಬರೆದ ಸುರುಳಿಗಳಿವೆ. ಜನರ ಉಸಿರಿನಿಂದ ಏರುವ ತೇವ ಮತ್ತು ಅನಿಲಗಳಿಂದ ಆ ಬಣ್ಣ ಹಾಳಾಗುತ್ತದೆಂಬ ಕಾರಣಕ್ಕೆ ಒಂದು ತಂಡಕ್ಕೆ ಹತ್ತೇ ಜನರನ್ನು ಬಿಡುತ್ತಾರೆ. ಛಾಯಾಚಿತ್ರ ತೆಗೆಯಲು ಅವಕಾಶವಿಲ್ಲ. ಹೀಗಾಗಿ ವಾರಗಳ ಮೊದಲೇ, ಜನಸಂದಣಿಯ ಕಾಲದಲ್ಲಿ ತಿಂಗಳುಗಳ ಮೊದಲೇ ಟಿಕೆಟ್‌ಗಳು ಮುಗಿದುಹೋಗುತ್ತವೆ. ಇದಕ್ಕೆ ಸಿಕ್ಕ ದಿನಾಂಕವನ್ನು ಆಧಾರವಾಗಿಟ್ಟುಕೊಂಡು ಉಳಿದ ದಿನಗಳನ್ನು ಅದರ ಸುತ್ತ ಹೊಂದಿಸಿಕೊಳ್ಳುವುದು ಸರಿಯಾದ ಕ್ರಮ.

ಎರಡನೆಯ ಮಾತು, ಗುಡಿಗಳನ್ನು ನೋಡುವ ಮೊದಲು ವಲೆಟ್ಟಾದಲ್ಲಿರುವ ರಾಷ್ಟ್ರೀಯ ಪುರಾತತ್ತ್ವ ವಸ್ತುಸಂಗ್ರಹಾಲಯವನ್ನು ನೋಡಿ. ತರ್ಶೀನ್ ಗುಡಿಗಳ ಸುರುಳಿ ಕೆತ್ತನೆಯ ಕಲ್ಲುಗಳು, ಸಾಲಾಗಿ ಸಾಗುವ ಪ್ರಾಣಿಗಳ ಉಬ್ಬುಕೆತ್ತನೆ, ಸೊಂಟದಿಂದ ಕೆಳಗಿನ ಭಾಗ ಮಾತ್ರ ಉಳಿದಿರುವ ಬೃಹತ್ ವಿಗ್ರಹ, ಇವೆಲ್ಲದರ ಮೂಲಗಳು ಈಗ ಇರುವುದು ಅಲ್ಲಿ. ಗುಡಿಯ ಜಾಗದಲ್ಲಿರುವುದು ಪ್ರತಿಕೃತಿಗಳು. ಹೈಪೋಜಿಯಮ್‌ನಲ್ಲಿ ಸಿಕ್ಕ, ಮಂಚದ ಮೇಲೆ ಒರಗಿ ಮಲಗಿರುವ ಹೆಂಗಸಿನ ಅಂಗೈ ಅಗಲದ ಮಣ್ಣಿನ ಮೂರ್ತಿಯೂ ಅಲ್ಲೇ ಇದೆ. ಬೆಳಿಗ್ಗೆ ಇದನ್ನು ಮುಗಿಸಿ ಮಧ್ಯಾಹ್ನಕ್ಕೆ ಬಸ್ಸಿನಲ್ಲಿ ಪಾವೊಲಾಕ್ಕೆ ಹೋದರೆ ಹೈಪೋಜಿಯಮ್ ಮತ್ತು ತರ್ಶೀನ್ ಎರಡೂ ನಡೆದು ಮುಟ್ಟುವಷ್ಟು ಹತ್ತಿರದಲ್ಲಿವೆ. ಇದು ಒಂದು ದಿನ.

ಇನ್ನೊಂದು ದಿನವನ್ನು ದಕ್ಷಿಣ ತೀರದ ಹಜರ್ ಇಮ್ ಮತ್ತು ಮ್ನಾಯ್‌ದ್ರಾ ಗುಡಿಗಳಿಗೆ ಮೀಸಲಿಡಿ. ವಲೆಟ್ಟಾದಿಂದ ನೇರ ಬಸ್ಸಿದೆ. ಎರಡು ಗುಡಿಗಳ ನಡುವೆ ಸುಮಾರು 500 ಮೀಟರ್‌ಗಳ ಕಾಲುದಾರಿ, ಸಮುದ್ರದ ಕಡೆಗೆ ಇಳಿಜಾರು. ನಮ್ಮ ಕಡೆಯವರು ಇಲ್ಲಿ ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹೊಯ್ಸಳರ ಗುಡಿಗಳನ್ನು ನೋಡಿ ಬೆಳೆದ ಕಣ್ಣು ಕಲ್ಲು ಕಂಡಕೂಡಲೇ ಕೆತ್ತನೆಯನ್ನು ಹುಡುಕುತ್ತದೆ. ಇಲ್ಲಿ ಅಂಥದ್ದು ಬಹಳ ಕಡಿಮೆ. ಇಲ್ಲಿ ನೋಡಬೇಕಾದದ್ದು ಕಲ್ಲಿನ ಆಯ್ಕೆ ಮತ್ತು ಜೋಡಣೆ. ಲೋಹದ ಉಪಕರಣಗಳಿಲ್ಲದ ಕಾಲದಲ್ಲಿ, ಈಜಿಪ್ಟಿನ ಗೀಜಾ ಪಿರಮಿಡ್‌ಗಳಿಗಿಂತಲೂ ಮೊದಲು, ಹಜರ್ ಇಮ್‌ನ ಹೊರಗೋಡೆಯಲ್ಲಿ ಸುಮಾರು 20 ಟನ್ ತೂಗುವ ಒಂದೇ ಚಪ್ಪಡಿಯನ್ನು ನೆಟ್ಟಗೆ ನಿಲ್ಲಿಸಿದ್ದಾರೆ. ಮಾಲ್ಟಾದಲ್ಲಿ ಎರಡು ಬಗೆಯ ಸುಣ್ಣದ ಕಲ್ಲು ಸಿಗುತ್ತದೆ. ಒಂದು ಜೇನಿನ ಬಣ್ಣದ, ಸುಲಭವಾಗಿ ಕೊರೆಯಬಹುದಾದ ಮೆದು ಕಲ್ಲು. ಇನ್ನೊಂದು ಬೂದು ಬಣ್ಣದ ಗಡಸು ಕಲ್ಲು. ಹಜರ್ ಇಮ್ ಅನ್ನು ಪೂರ್ತಿಯಾಗಿ ಮೆದು ಕಲ್ಲಿನಲ್ಲಿ ಕಟ್ಟಿದರು. ಹಾಗಾಗಿ ಉಪ್ಪುಗಾಳಿ, ಬಿಸಿಲು, ಮಳೆಗಳಿಗೆ ಸಿಕ್ಕಿ ಅದರ ಮೇಲ್ಮೈ ಪದರಪದರವಾಗಿ ಉದುರಿದೆ. ಮ್ನಾಯ್‌ದ್ರಾದಲ್ಲಿ ಹೊರಗೋಡೆಗೆ ಗಡಸು ಕಲ್ಲು, ಒಳಗಿನ ನಯಗೆಲಸಕ್ಕೆ ಮೆದು ಕಲ್ಲು ಬಳಸಿದ್ದಾರೆ, ಮತ್ತು ಅದರ ಒಳಭಾಗ ಇಂದಿಗೂ ಚೆನ್ನಾಗಿ ಉಳಿದಿದೆ. ನಮ್ಮ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುವುದರಿಂದಲೇ 1117ರ ಚೆನ್ನಕೇಶವ ಗುಡಿಯ ಮದನಿಕೆಯರ ಬೆರಳುಗಳ ಉಂಗುರ ಇನ್ನೂ ಕಾಣುತ್ತಿದೆ ಎಂಬುದನ್ನು ತಮ್ಮ ತಂದೆಯವರು ಮಕ್ಕಳಿಗೆ ಹೇಳಿರುತ್ತಾರೆ. ಅದೇ ದೃಷ್ಟಿಯಿಂದ ಈ ಎರಡು ಗುಡಿಗಳನ್ನು ಒಂದರ ಹಿಂದೆ ಒಂದು ನೋಡಿದರೆ, ಕಲ್ಲು ಯಾವುದೆಂಬುದು ಕಟ್ಟಡದ ಆಯುಷ್ಯವನ್ನು ಎಷ್ಟರಮಟ್ಟಿಗೆ ನಿರ್ಧರಿಸುತ್ತದೆ ಎಂಬುದು ಅವರಿಗೆ ಅಲ್ಲೇ ಸ್ಪಷ್ಟವಾಗುತ್ತದೆ.

2009ರಲ್ಲಿ ಈ ಎರಡೂ ಗುಡಿಗಳ ಮೇಲೆ ದೊಡ್ಡ ಬಿಳಿಯ ಗುಡಾರದಂಥ ಚಾವಣಿಗಳನ್ನು ಹಾಕಿದ್ದಾರೆ. ಚಿತ್ರ ತೆಗೆಯುವವರಿಗೆ ಅದು ಅಡ್ಡಿ ಎನಿಸಬಹುದು, ಆದರೆ ಕಲ್ಲಿನ ಹಿತಕ್ಕೆ ಅದು ಬೇಕೇಬೇಕಾಗಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಹಳೇಬೀಡಿನಲ್ಲಿ ಮಳೆಗಾಲದ ನೀರು ಗೋಡೆಯ ಮೇಲೆ ಇಳಿಯುವುದನ್ನು ನೋಡಿದವರು ಈ ಮಾತನ್ನು ಒಪ್ಪುತ್ತಾರೆ. ಮ್ನಾಯ್‌ದ್ರಾದ ದಕ್ಷಿಣದ ಗುಡಿಯಲ್ಲಿ ಹಗಲು ರಾತ್ರಿ ಸಮವಾಗುವ ದಿನಗಳಂದು ಸೂರ್ಯೋದಯದ ಬೆಳಕು ಬಾಗಿಲಿನಿಂದ ನೇರವಾಗಿ ಒಳಗಿನ ಕೊನೆಯವರೆಗೆ ಹರಿಯುತ್ತದೆ. ವರ್ಷದ ಅತಿ ದೀರ್ಘ ಹಾಗೂ ಅತಿ ಹ್ರಸ್ವ ಹಗಲುಗಳಂದು ಅದೇ ಬೆಳಕು ಎಡಬಲದ ಕಲ್ಲುಗಳ ಅಂಚಿನ ಮೇಲೆ ಬೀಳುತ್ತದೆ. ತಾವು ಹೋಗುವ ಏಪ್ರಿಲ್‌ನಲ್ಲಿ ಆ ದಿನ ಕಳೆದಿರುತ್ತದೆ, ಆದರೂ ಬಾಗಿಲಿನ ಮುಂದೆ ನಿಂತು ಆ ನೇರವನ್ನು ಕಣ್ಣಳತೆಯಲ್ಲೇ ಹಿಡಿಯಬಹುದು.

ದೂರದ ಬಗ್ಗೆ ಒಂದು ಮಾತು. ಮಾಲ್ಟಾ, ಗೋಜೋ, ಕೊಮಿನೊ ಮೂರೂ ದ್ವೀಪಗಳು ಸೇರಿ 316 ಚದರ ಕಿಲೋಮೀಟರ್, ಅಂದರೆ ನಮ್ಮ ಹಾಸನ ಜಿಲ್ಲೆಯ ಇಪ್ಪತ್ತರಲ್ಲೊಂದು ಭಾಗಕ್ಕಿಂತ ಕಡಿಮೆ. ದೊಡ್ಡ ದ್ವೀಪದ ಉದ್ದ ಸುಮಾರು 27 ಕಿಲೋಮೀಟರ್. ಹಾಸನದಿಂದ ಬೇಲೂರಿಗಿಂತಲೂ ಕಡಿಮೆ. ನಕ್ಷೆ ನೋಡಿದವರಿಗೆ ಒಂದು ದಿನದಲ್ಲಿ ಎಲ್ಲವನ್ನೂ ಮುಗಿಸಬಹುದೆಂದು ತೋರುವುದು ಸಹಜ. ಆದರೆ ರಸ್ತೆಗಳು ಕಿರಿದು, ವಾಹನಗಳು ವಿಪರೀತ, ಬಸ್ಸುಗಳು ಪ್ರತಿ ಊರಿನ ಒಳಗೂ ಸುತ್ತಿ ಹೋಗುತ್ತವೆ. ಸ್ಮಾರಕಗಳು ಸಂಜೆ ಬೇಗನೆ ಮುಚ್ಚುತ್ತವೆ, ಕೊನೆಯ ಪ್ರವೇಶ ಅದಕ್ಕೂ ಮೊದಲೇ ಮುಗಿದಿರುತ್ತದೆ. ಆದ್ದರಿಂದ ಕಿಲೋಮೀಟರ್‌ಗಳನ್ನು ನೋಡದೆ, ತೆರೆದಿರುವ ಗಂಟೆಗಳನ್ನು ಎಣಿಸಿ, ಒಂದು ದಿನಕ್ಕೆ ಒಂದು ಕಾಲಘಟ್ಟದ ಸ್ಥಳಗಳನ್ನಷ್ಟೇ ಇಟ್ಟುಕೊಳ್ಳಿ. ವಾರದ ಬಸ್ ಕಾರ್ಡ್ ತೆಗೆದುಕೊಂಡರೆ ಮತ್ತೆ ಮತ್ತೆ ಟಿಕೆಟ್ ಕೊಳ್ಳುವ ತಾಪತ್ರಯವಿಲ್ಲ. ಅಲ್ಲಿನ ಸರ್ಕಾರಿ ಸಂಸ್ಥೆಯಾದ ಹೆರಿಟೇಜ್ ಮಾಲ್ಟಾ ತನ್ನ ಸ್ಮಾರಕಗಳಿಗೆಲ್ಲ ಸೇರಿಸಿ ಒಂದೇ ಪಾಸ್ ಕೊಡುತ್ತದೆ. ಹೈಪೋಜಿಯಮ್ ಮಾತ್ರ ಅದರಲ್ಲಿ ಸೇರಿಲ್ಲ.

ತೋಟದ ಮನೆ (ಮೂಡಿಗೆರೆ)

ಮೇಲಿನ ಸಲಹೆಗಳೆಲ್ಲ ಸರಿಯಾಗಿಯೇ ಇವೆ. ಆದರೆ ಗೋಜೋ ದ್ವೀಪದ ಬಗ್ಗೆ ಒಂದು ಸಾಲನ್ನೂ ಬರೆಯದಿರುವುದರಿಂದ ನಾನು ಸೇರಿಸುತ್ತೇನೆ. ಮಾಲ್ಟಾದ ಉತ್ತರ ತುದಿಯ ಚಿರ್ಕೆವ್ವಾದಿಂದ ಗೋಜೋದ ಮ್ಜಾರ್ ಬಂದರಿಗೆ ವಾಹನಗಳನ್ನೂ ಒಯ್ಯುವ ದೊಡ್ಡ ಹಡಗಿದೆ. ಪ್ರಯಾಣ ಸುಮಾರು 25 ನಿಮಿಷ. ಹೋಗುವಾಗ ಹಣ ಕೇಳುವುದಿಲ್ಲ, ಮರಳುವಾಗ ಮ್ಜಾರ್‌ನಲ್ಲಿ ಎರಡೂ ಕಡೆಯದನ್ನು ಸೇರಿಸಿ ತೆಗೆದುಕೊಳ್ಳುತ್ತಾರೆ. ವಲೆಟ್ಟಾದಿಂದಲೇ ಹೊರಡುವ ವೇಗದ ದೋಣಿಯೂ ಇದ್ದು, ಅದು ಮುಕ್ಕಾಲು ಗಂಟೆಯಲ್ಲಿ ಮುಟ್ಟಿಸುತ್ತದೆ. ಮ್ಸೀದಾದಲ್ಲಿ ಉಳಿದುಕೊಳ್ಳುವ ತಮಗೆ ಎರಡನೆಯದೇ ಅನುಕೂಲ. ಚಿರ್ಕೆವ್ವಾದವರೆಗಿನ ಬಸ್ ಪ್ರಯಾಣವೇ ಬೆಳಗಿನ ಬಹುಪಾಲನ್ನು ನುಂಗಿಬಿಡುತ್ತದೆ.

ಗೋಜೋದಲ್ಲಿ ಶಾರಾ ಎಂಬ ಊರಿನ ಜಿಗಾಂತಿಯಾ ಗುಡಿಗಳು ಈ ದ್ವೀಪಗಳ ಅತ್ಯಂತ ಹಳೆಯ ಗುಡಿಗಳ ಸಾಲಿಗೆ ಸೇರಿದವು, ಸುಮಾರು ಕ್ರಿ.ಪೂ. 3600ರವು. ಕೆಲವು ಕಲ್ಲುಗಳು 5 ಮೀಟರ್‌ಗಿಂತ ಉದ್ದವಾಗಿದ್ದು 50 ಟನ್‌ಗಿಂತ ಹೆಚ್ಚು ತೂಗುತ್ತವೆ. ಇದನ್ನು ದೈತ್ಯಾಕಾರದ ಹೆಂಗಸೊಬ್ಬಳು ಕಟ್ಟಿದಳೆಂದು ಊರಿನವರು ಹೇಳುತ್ತ ಬಂದಿದ್ದಾರೆ. ಅದೇ ಟಿಕೆಟ್‌ನಲ್ಲಿ ಹತ್ತಿರದ 1725ರ ಗಾಳಿಯಂತ್ರದ ಹಿಟ್ಟಿನ ಗಿರಣಿಯನ್ನೂ ನೋಡಬಹುದು. ಅಲ್ಲಿಂದ ದ್ವೀಪದ ನಡುವಿನ ಸಿತಾದೆಲ್ಲಾ ಕೋಟೆಗೆ ಹೋಗಬೇಕು. 1551ರಲ್ಲಿ ಒಟ್ಟೋಮನ್ ತುರ್ಕರ ನೌಕಾಪಡೆಯವರು ಈ ಕೋಟೆಯನ್ನು ಹಿಡಿದು, ಒಳಗೆ ಆಶ್ರಯ ಪಡೆದಿದ್ದ ಸಾವಿರಾರು ಜನರನ್ನು, ಅಂದರೆ ಹೆಚ್ಚುಕಡಿಮೆ ಇಡೀ ದ್ವೀಪದ ಜನರನ್ನು, ಗುಲಾಮರನ್ನಾಗಿ ಸಾಗಿಸಿದರು. ಕೋಟೆಯ ಗೋಡೆಯ ಮೇಲೆ ನಿಂತರೆ ಎಲ್ಲ ದಿಕ್ಕಿನಲ್ಲೂ ಕಡಲು ಕಾಣುತ್ತದೆ. ಹಡಗುಗಳು ಬರುವುದು ಕಣ್ಣಿಗೆ ಬಿದ್ದರೂ ಓಡಿಹೋಗಲು ಎಡೆಯಿಲ್ಲದ ಜನರ ಸ್ಥಿತಿ ಎಂಥದ್ದಾಗಿತ್ತು ಎಂಬುದು ಆ ಎತ್ತರದಲ್ಲಿ ಅರಿವಿಗೆ ಬರುತ್ತದೆ.

ನನ್ನ ಕೋರಿಕೆಯೆಂದರೆ, ಗೋಜೋವನ್ನು ದಿನದ ಪ್ರವಾಸವಾಗಿ ಮಾಡದೆ ಒಂದು ರಾತ್ರಿ ಅಲ್ಲೇ ತಂಗಿರಿ. ದಿನದ ಪ್ರವಾಸಿಗರು ಬರುವ ಮೊದಲು, ಬಾಗಿಲು ತೆರೆಯುವ ಹೊತ್ತಿಗೇ ಜಿಗಾಂತಿಯಾದಲ್ಲಿ ಇರಬಹುದು. ಹಳೆಯ ಪುಸ್ತಕಗಳಲ್ಲಿ ದ್ವೆಯ್ರಾ ತೀರದ ನೈಸರ್ಗಿಕ ಕಲ್ಲಿನ ಕಮಾನಿನ ಚಿತ್ರ ನೋಡಿ ಅದನ್ನು ಹುಡುಕಿಕೊಂಡು ಹೋಗಬೇಡಿ. ಅದು 2017ರ ಮಾರ್ಚ್ 8ರಂದು ಬಿರುಗಾಳಿಗೆ ಸಿಕ್ಕಿ ಸಮುದ್ರಕ್ಕೆ ಕುಸಿದು ಬಿದ್ದಿದೆ.

ಹೇಮಾವತಿ ತೀರ (ಹಾಸನ)

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಲ್ಲಿನ ವಿಷಯವನ್ನು ತಂದೆಯವರಿಗೆ ಓದಿ ಹೇಳಿದೆ. ಅವರು ಆಗಲೇ ಒಂದು ನೋಟ್ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದ್ದಾರೆ.

ಇನ್ನೂ ಕೆಲವು ಸಂದೇಹಗಳಿವೆ. ತಂದೆಯವರಿಗೆ ಮಂಡಿನೋವಿದೆ, ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ನಡೆಯುತ್ತಾರೆ, ಆದರೆ ಶ್ರವಣಬೆಳಗೊಳದ ಬೆಟ್ಟ ಹತ್ತುವುದನ್ನು ಬಿಟ್ಟು ಬಹಳ ಕಾಲವಾಯಿತು. ವಲೆಟ್ಟಾ ಏರಿಳಿತದ ಊರೆಂದು ತಮ್ಮ ಹೇಳುತ್ತಿದ್ದಾನೆ. ತಾಯಿಯವರು ಶುದ್ಧ ಸಸ್ಯಾಹಾರಿ. ಕೊನೆಯದಾಗಿ, ವೇಗದ ಹಡಗಿನಲ್ಲಿ ಸಿಸಿಲಿಗೆ ಹೋಗಿ ಸಿರಾಕ್ಯೂಸ್ ನಗರವನ್ನು ನೋಡಿಕೊಂಡು ಅದೇ ದಿನ ಮರಳಬಹುದೆಂದು ಒಂದು ಸಂಸ್ಥೆಯ ಜಾಹೀರಾತಿನಲ್ಲಿದೆ. ಅದು ತಕ್ಕದ್ದೇ?

ಕೋಟೆ ಬಾಗಿಲು (ಅರಸೀಕೆರೆ)

ಸಿಸಿಲಿಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಬೇಡ. ಹಡಗು ಪೊತ್ಸಾಲ್ಲೊ ಎಂಬ ಬಂದರಿಗೆ ಸುಮಾರು ಒಂದೂಮುಕ್ಕಾಲು ಗಂಟೆಯಲ್ಲಿ ತಲುಪುತ್ತದೆ ಎಂಬುದು ನಿಜ, ಆದರೆ ಅಲ್ಲಿಂದ ಸಿರಾಕ್ಯೂಸ್‌ಗೆ ಮತ್ತೆ ರಸ್ತೆಯ ಪ್ರಯಾಣವಿದೆ. ನಸುಕಿನಲ್ಲಿ ಎದ್ದು, ರಾತ್ರಿ ತಡವಾಗಿ ಮರಳಿ, ನಡುವೆ ಸಿಗುವುದು ಕೆಲವೇ ಗಂಟೆಗಳು. ಕ್ರಿ.ಪೂ. 5ನೇ ಶತಮಾನದ ಅಥೇನಾ ದೇವಿಯ ಗುಡಿಯ ಡೋರಿಕ್ ಎಂಬ ಗ್ರೀಕ್ ಶೈಲಿಯ ಕಂಬಗಳನ್ನು ಹಾಗೆಯೇ ಗೋಡೆಯೊಳಗೆ ಸೇರಿಸಿಕೊಂಡು ಕಟ್ಟಿದ ಇಗರ್ಜಿ ಆ ಊರಿನಲ್ಲಿದೆ. ಬಂಡೆಯನ್ನೇ ಮೆಟ್ಟಿಲುಗಳಾಗಿ ಕಡೆದ ಗ್ರೀಕ್ ರಂಗಮಂದಿರವಿದೆ. ಅಂಥ ಊರನ್ನು ಗಡಿಯಾರ ನೋಡುತ್ತ ನೋಡಬಾರದು. ಅದಕ್ಕೆ ಇನ್ನೊಂದು ಸಲ ಪ್ರತ್ಯೇಕವಾಗಿ ಹೋಗಿ.

ಈಗ ವಲೆಟ್ಟಾ. ತಾವು ಒಂದು ದಿನವನ್ನು ನೈಟ್‌ಗಳ, ಅಂದರೆ ಕ್ರೈಸ್ತ ಧರ್ಮಯೋಧರ, ಕಾಲಕ್ಕೆ ಕೊಡುವುದಾದರೆ, ಎಲ್ಲರೂ ಮಾಡುವಂತೆ ವಲೆಟ್ಟಾದಿಂದ ಆರಂಭಿಸದೆ, ಬಂದರಿನ ಆಚೆ ದಡದ ಬಿರ್ಗುವಿನಿಂದ ಆರಂಭಿಸಿ. ಕಾರಣ ಚರಿತ್ರೆಯಲ್ಲೇ ಇದೆ. ರೋಡ್ಸ್ ದ್ವೀಪವನ್ನು ಕಳೆದುಕೊಂಡು ಅಲೆಯುತ್ತಿದ್ದ ಸಂತ ಜಾನ್ ಪಂಥದ ನೈಟ್‌ಗಳಿಗೆ 1530ರಲ್ಲಿ ಮಾಲ್ಟಾ ದೊರೆಯಿತು. ವರ್ಷಕ್ಕೊಂದು ಬೇಟೆಯ ಡೇಗೆ ಹಕ್ಕಿ ಅದಕ್ಕೆ ಕಪ್ಪ. ಆಗ ವಲೆಟ್ಟಾ ಎಂಬ ಊರೇ ಇರಲಿಲ್ಲ. ಅವರು ನೆಲೆಸಿದ್ದು ಬಿರ್ಗುವಿನಲ್ಲಿ. 1565ರ ಬೇಸಿಗೆಯಲ್ಲಿ ಒಟ್ಟೋಮನ್ ಸುಲ್ತಾನ ಸುಲೇಮಾನನ ಸೇನೆ ಮುತ್ತಿಗೆ ಹಾಕಿದಾಗ ಎದುರು ದಡದ ತುದಿಯಲ್ಲಿದ್ದ ಸಂತ ಎಲ್ಮೊ ಕೋಟೆ ಜೂನ್ 23ರಂದು ಬಿತ್ತು. ಆದರೆ ಬಿರ್ಗುವಿನ ಸಂತ ಆಂಜೆಲೊ ಕೋಟೆ ಬೀಳಲಿಲ್ಲ, ಮತ್ತು ಸೆಪ್ಟೆಂಬರ್‌ನಲ್ಲಿ ಮುತ್ತಿಗೆ ಮುರಿಯಿತು. ಎದುರಿನ ಬರಿಯ ಗುಡ್ಡ ಶತ್ರುವಿನ ವಶವಾದರೆ ಬಂದರು ಉಳಿಯದೆಂಬುದನ್ನು ಆ ನಾಲ್ಕು ತಿಂಗಳು ಕಲಿಸಿದ್ದರಿಂದಲೇ, ಪಂಥದ ಮುಖ್ಯಸ್ಥ ಜಾನ್ ದ ವಲೆಟ್ 1566ರ ಮಾರ್ಚ್ 28ರಂದು ಆ ಗುಡ್ಡದ ಮೇಲೆ ಹೊಸ ನಗರಕ್ಕೆ ಅಡಿಗಲ್ಲು ಹಾಕಿದ. ಪೋಪ್ ಕಳುಹಿಸಿದ ಇಂಜಿನಿಯರ್ ಲಾಪರೆಲ್ಲಿ ಅದಕ್ಕೆ ನೇರ ಬೀದಿಗಳ ನಕ್ಷೆ ಹಾಕಿದ. ಸಂತ ಆಂಜೆಲೊ ಕೋಟೆಯ ಮೇಲಿನಿಂದ ವಲೆಟ್ಟಾವನ್ನು ನೋಡಿ, ಆಮೇಲೆ ದೋಣಿಯಲ್ಲಿ ದಾಟಿ ಆ ನಗರದೊಳಕ್ಕೆ ಬಂದರೆ, ಅದು ಏಕೆ ಅಲ್ಲಿದೆ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ.

ಮಂಡಿನೋವಿನ ವಿಚಾರಕ್ಕೂ ಇದೇ ಮಾರ್ಗ ಅನುಕೂಲ. ದೋಣಿ ಇಳಿದ ಜಾಗದ ಹತ್ತಿರವೇ 58 ಮೀಟರ್ ಎತ್ತರದ ಲಿಫ್ಟ್ ಇದೆ. 2012ರಲ್ಲಿ ಆರಂಭವಾದ ಇದು ತಮ್ಮನ್ನು ನೇರವಾಗಿ ಮೇಲಿನ ಬರಾಕ್ಕಾ ಉದ್ಯಾನಕ್ಕೆ ಮುಟ್ಟಿಸುತ್ತದೆ. ಉದ್ಯಾನದ ಕೆಳಗಿನ ಫಿರಂಗಿ ಸಾಲಿನಿಂದ ಮಧ್ಯಾಹ್ನ 12ಕ್ಕೂ ಸಂಜೆ 4ಕ್ಕೂ ತೋಪು ಹಾರಿಸುತ್ತಾರೆ. ಅಲ್ಲಿಂದ ಮುಖ್ಯ ಬೀದಿ ಗುಡ್ಡದ ಬೆನ್ನಿನ ಮೇಲೆ ಸಾಗುವುದರಿಂದ ಹೆಚ್ಚು ಶ್ರಮವಿಲ್ಲ. ಅಡ್ಡಬೀದಿಗಳಿಗೆ ಇಳಿದರೆ ಮಾತ್ರ ಮೆಟ್ಟಿಲುಗಳು ಎದುರಾಗುತ್ತವೆ. ಹೈಪೋಜಿಯಮ್‌ನಲ್ಲಿ ಮೆಟ್ಟಿಲುಗಳಿವೆ, ರಬಾತ್ ಎಂಬ ಊರಿನ ನೆಲಮಾಳಿಗೆಯ ಸಮಾಧಿಗಳಲ್ಲೂ ಇವೆ. ಅವೆರಡನ್ನು ಒಂದೇ ದಿನ ಇಟ್ಟುಕೊಳ್ಳಬೇಡಿ.

ವಲೆಟ್ಟಾದ ಸಂತ ಜಾನ್ ಸಹ-ಕೆಥೆಡ್ರಲ್ ಎಂಬ ದೊಡ್ಡ ಇಗರ್ಜಿಗೆ ಅವಸರವಿಲ್ಲದೆ ಹೋಗಿ. ಜಿರೊಲಾಮೊ ಕಸ್ಸಾರ್ 1570ರ ದಶಕದಲ್ಲಿ ಕಟ್ಟಿದ ಇದರ ಹೊರಗೋಡೆ ಸೈನಿಕರ ಕಟ್ಟಡದಂತೆ ಸರಳವಾಗಿದೆ. ಒಳಗೆ ಕಾಲಿಟ್ಟರೆ ಚಿನ್ನದ ಲೇಪದ ಕೆತ್ತನೆಯಿಲ್ಲದ ಒಂದು ಗೇಣು ಜಾಗವಿಲ್ಲ. ನೆಲವೆಲ್ಲ ನೈಟ್‌ಗಳ ಸಮಾಧಿಗಳ ಬಣ್ಣಬಣ್ಣದ ಅಮೃತಶಿಲೆಯ ಚಪ್ಪಡಿಗಳು, ನಾನೂರರಷ್ಟು. ಪಕ್ಕದ ಪ್ರಾರ್ಥನಾ ಕೊಠಡಿಯಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೊ 1608ರಲ್ಲಿ ಬಿಡಿಸಿದ, ಸ್ನಾನಿಕ ಯೋಹಾನನ ಶಿರಚ್ಛೇದದ ಚಿತ್ರವಿದೆ. ಆತನ ಚಿತ್ರಗಳಲ್ಲೇ ಅತಿ ದೊಡ್ಡದು, ಆತ ಸಹಿ ಹಾಕಿದ ಒಂದೇ ಚಿತ್ರ. ಆ ಸಹಿಯನ್ನು ಹರಿಯುವ ನೆತ್ತರಿನಲ್ಲಿ ಬರೆದಿದ್ದಾನೆ. ಆ ವರ್ಷದ ಜುಲೈನಲ್ಲಿ ಅವನನ್ನು ಪಂಥಕ್ಕೆ ಸೇರಿಸಿಕೊಂಡಿದ್ದರು, ಡಿಸೆಂಬರ್‌ನಲ್ಲಿ ಇದೇ ಚಿತ್ರದ ಮುಂದೆ ಸಭೆ ಸೇರಿ ಹೊರಹಾಕಿದರು. ಚಿತ್ರದ ಅರ್ಧಭಾಗ ಬರಿಯ ಗೋಡೆ ಮತ್ತು ಕತ್ತಲೆ. ಅದರ ಎದುರಿಗೆ ಕೂರಲು ಸಾಧ್ಯವಾದಷ್ಟು ಹೊತ್ತು ಕುಳಿತುಕೊಳ್ಳಿ. ಭುಜ ಮತ್ತು ಮಂಡಿ ಮುಚ್ಚುವ ಉಡುಪು ಇರಬೇಕೆಂಬ ನಿಯಮವಿದೆ. ತಾಯಿಯವರು ಸೀರೆಯುಟ್ಟು ಮೇಲೊಂದು ಶಾಲು ಹೊದ್ದರೆ ಯಾವ ಅಡ್ಡಿಯೂ ಇಲ್ಲ.

ಎತ್ತಿನಹೊಳೆ (ಸಕಲೇಶಪುರ)

ಊಟದ ವಿಷಯ ನನಗೆ ಬಿಡಿ. ಬೀದಿಬದಿಯಲ್ಲಿ ಎಲ್ಲೆಲ್ಲೂ ಸಿಗುವ ಪಸ್ತಿತ್ಸಿ ಎಂಬ ಪದರಪದರದ ಬಿಸಿ ತಿಂಡಿಯಲ್ಲಿ ಎರಡು ಬಗೆ: ಒಂದರೊಳಗೆ ರಿಕೊಟ್ಟಾ ಎಂಬ ಗಿಣ್ಣು, ಇನ್ನೊಂದರೊಳಗೆ ಬಟಾಣಿಯ ಹೂರಣ. ಹಿಟ್ಟಿಗೆ ಪ್ರಾಣಿಯ ಕೊಬ್ಬು ಹಾಕುವ ಅಂಗಡಿಗಳೂ ಇರುವುದರಿಂದ ತಾಯಿಯವರಿಗೆ ಕೊಡಿಸುವ ಮೊದಲು ಕೇಳಿಕೊಳ್ಳಿ. ಒಣ ಕಾಳನ್ನು ಬೇಯಿಸಿ ಬೆಳ್ಳುಳ್ಳಿ ಹಾಕಿ ಅರೆದ ಬಿಗಿಲ್ಲಾ ಎಂಬ ಗಟ್ಟಿ ಚಟ್ನಿಯನ್ನು ಬ್ರೆಡ್ಡಿನ ಜೊತೆ ಕೊಡುತ್ತಾರೆ. ನಮ್ಮ ನಾಲಿಗೆಗೆ ಹೊಂದುತ್ತದೆ. ಫ್ತೀರಾ ಎಂಬ ರೊಟ್ಟಿಯಲ್ಲಿ ಸಾಮಾನ್ಯವಾಗಿ ಟ್ಯೂನಾ ಮೀನು ಇರುತ್ತದೆ, ಅದಿಲ್ಲದೆ ಮಾಡಿಕೊಡಿ ಎಂದು ಹೇಳಬೇಕು. ಇಂಗ್ಲಿಷ್ ಅಲ್ಲಿ ಅಧಿಕೃತ ಭಾಷೆ, ಆದ್ದರಿಂದ ಕೇಳಿ ತಿಳಿಯುವುದಕ್ಕೆ ತೊಂದರೆಯಿಲ್ಲ. ತಮ್ಮನ ಮನೆಯ ಅಡಿಗೆಮನೆ ಇದ್ದೇ ಇದೆ. ಬೆಳಿಗ್ಗೆ ಚಿತ್ರಾನ್ನ ಕಟ್ಟಿಕೊಂಡು ಹೊರಟರೆ ಹಜರ್ ಇಮ್‌ನಂಥ ಊರಾಚೆಯ ಜಾಗಗಳಲ್ಲಿ ಅದೇ ಉತ್ತಮ.

ಮಾಲ್ಟಾ 2007ರಿಂದ ಷೆಂಗೆನ್ ಎಂಬ, ಒಂದೇ ವೀಸಾ ಸಾಕಾಗುವ ಯುರೋಪಿನ ದೇಶಗಳ ವಲಯದಲ್ಲಿದೆ. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಸಲ್ಲಿಸಬಹುದು, ಪ್ರಯಾಣ ಏಪ್ರಿಲ್‌ನಲ್ಲಿ ತಾನೇ ಎಂದು ಫೆಬ್ರವರಿಯವರೆಗೆ ಕಾಯಬೇಡಿ. ಬೆಂಗಳೂರಿನಿಂದ ನೇರ ವಿಮಾನವಿಲ್ಲ, ನಡುವೆ ಒಂದು ಕಡೆ ಇಳಿದು ಬದಲಾಯಿಸಲೇಬೇಕು. ಮಂಡಿನೋವಿರುವವರಿಗೆ ಗಾಲಿಕುರ್ಚಿಯನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿಕೊಳ್ಳಿ.

ಚರಿತ್ರೆಗೂ ಹಿಂದಿನ ಒಂದು ಜಾಗವನ್ನು ಯಾರೂ ಹೇಳಲಿಲ್ಲ. ಬಿರ್ಜೆಬ್ಬುಜಾ ಊರಿನ ಬಳಿಯ ಆರ್ ದಲಾಮ್ ಗುಹೆಯಲ್ಲಿ ಕುಬ್ಜ ಆನೆಗಳ ಮತ್ತು ನೀರಾನೆಗಳ ಎಲುಬುಗಳು ರಾಶಿಯಾಗಿ ಸಿಕ್ಕಿವೆ. ದ್ವೀಪದಲ್ಲಿ ಸಿಕ್ಕಿಬಿದ್ದ ಆನೆಗಳು, ಮೇವು ಕಡಿಮೆ ಮತ್ತು ಬೇಟೆಯಾಡುವ ದೊಡ್ಡ ಮೃಗಗಳಿಲ್ಲದ ಕಾರಣ, ತಲೆಮಾರುಗಳು ಕಳೆದಂತೆ ಗಾತ್ರದಲ್ಲಿ ಕುಗ್ಗುತ್ತ ಬಂದವು. ಕಾಡಾನೆಗಳ ಜೊತೆ ದಿನನಿತ್ಯ ಬದುಕುವ ನಮ್ಮ ತಾಲ್ಲೂಕಿನವನಾದ ನನಗೆ ಆ ಪುಟ್ಟ ದವಡೆಯ ಹಲ್ಲುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ನೋಡಿದಾಗ ಆದ ವಿಸ್ಮಯ ಯಾವ ಕೋಟೆಯನ್ನು ನೋಡಿದಾಗಲೂ ಆಗಲಿಲ್ಲ. ಇದಕ್ಕೆ ಅರ್ಧ ದಿನ ಸಾಕು.

ಬಳಪದ ಕಲ್ಲು (ಬೇಲೂರು)

ಗೋಜೋದಲ್ಲಿ ರಾತ್ರಿ ತಂಗುವ ಸಲಹೆಯನ್ನು ಚಿಕ್ಕವಯಸ್ಸಿನವರಿಗಾದರೆ ನಾನೂ ಒಪ್ಪುತ್ತೇನೆ. ಆದರೆ ಹಿರಿಯರಿಬ್ಬರ ಔಷಧಿ, ಬಟ್ಟೆಗಳನ್ನೆಲ್ಲ ಹೊತ್ತು ಮತ್ತೊಂದು ಕಡೆ ಬಿಡಾರ ಹೂಡುವುದಕ್ಕಿಂತ, ಬೆಳಗಿನ ಮೊದಲ ವೇಗದ ದೋಣಿಯಲ್ಲಿ ಹೋಗಿ, ಮ್ಜಾರ್‌ನಲ್ಲಿ ಒಂದು ಟ್ಯಾಕ್ಸಿ ಮಾಡಿಕೊಂಡು ಜಿಗಾಂತಿಯಾ ಮತ್ತು ಸಿತಾದೆಲ್ಲಾ ಎರಡನ್ನೇ ನೋಡಿ ಮರಳುವುದು ಇವರಿಗೆ ಮೇಲು. ಟ್ಯಾಕ್ಸಿಗೆ ಖರ್ಚು ಮಾಡಬೇಕಾದ ದಿನವೆಂದರೆ ಇದೊಂದೇ.

ಮ್ದೀನಾ ಮತ್ತು ರಬಾತ್ ಬಗ್ಗೆ ನಾನು ಮೊದಲೇ ಬರೆಯಬೇಕೆಂದಿದ್ದೆ, ಉತ್ತರ ಬಹಳ ಉದ್ದವಾಗುತ್ತದೆಂದು ನಿಲ್ಲಿಸಿದ್ದೆ. ನೈಟ್‌ಗಳು ಬರುವ ಮೊದಲಿನ ರಾಜಧಾನಿ ಮ್ದೀನಾ. ಗೋಡೆಯೊಳಗೆ ಈಗ ಮುನ್ನೂರಕ್ಕಿಂತ ಕಡಿಮೆ ಜನರಿದ್ದಾರೆ, ವಾಹನಗಳಿಗೆ ನಿರ್ಬಂಧವಿದೆ. 1693ರ ಭೂಕಂಪದಲ್ಲಿ ಹಳೆಯ ಕೆಥೆಡ್ರಲ್ ಕುಸಿದ ಮೇಲೆ ಲೊರೆಂಜೊ ಗಫಾ ಎಂಬ ಮಾಲ್ಟಾದವನೇ ಆದ ಶಿಲ್ಪಿ ಈಗಿನದನ್ನು ಕಟ್ಟಿದ. ಗೋಡೆಯ ಹೊರಗೆ, 1881ರಲ್ಲಿ ಅಕಸ್ಮಾತ್ತಾಗಿ ಸಿಕ್ಕ ರೋಮನ್ ಮನೆಯ ಬಣ್ಣದ ಹರಳುಗಳ ನೆಲಹಾಸು ಇದೆ. ಹತ್ತು ನಿಮಿಷ ನಡೆದರೆ ರಬಾತ್‌ನ ಸಂತ ಪೌಲನ ಹೆಸರಿನ ನೆಲಮಾಳಿಗೆಯ ಸಮಾಧಿಗಳು. ಅಲ್ಲಿ ಕ್ರೈಸ್ತರು, ಯೆಹೂದಿಗಳು, ಹಳೆಯ ದೇವರುಗಳನ್ನು ನಂಬಿದವರು ಎಲ್ಲರೂ ಅಕ್ಕಪಕ್ಕದಲ್ಲೇ ತಮ್ಮವರನ್ನು ಮಣ್ಣು ಮಾಡಿದ್ದಾರೆ. ಸತ್ತವರ ನೆನಪಿಗೆ ಬಂಧುಗಳು ಸುತ್ತ ಒರಗಿ ಊಟ ಮಾಡುತ್ತಿದ್ದ ದುಂಡನೆಯ ಮೇಜುಗಳನ್ನೂ ಬಂಡೆಯಲ್ಲೇ ಕಡೆದಿದ್ದಾರೆ. ತಂದೆಯವರಿಗೆ ಇಳಿಯಲು ಕಷ್ಟವಾದರೆ ಅಂಥ ಇಪ್ಪತ್ತಕ್ಕೂ ಹೆಚ್ಚು ಸಮಾಧಿಗಳಲ್ಲಿ ದೊಡ್ಡದೊಂದನ್ನೇ ಆರಿಸಿಕೊಂಡರೆ ಸಾಕು, ಉಳಿದವುಗಳಿಗೆ ಇಳಿಯಬೇಕಾದದ್ದಿಲ್ಲ. ದಾರಿಯಲ್ಲಿ ಮೊಸ್ತಾದ ದೊಡ್ಡ ಗುಮ್ಮಟದ ಇಗರ್ಜಿ ಸಿಗುತ್ತದೆ. 1942ರ ಏಪ್ರಿಲ್ 9ರಂದು ಪೂಜೆಗೆ ಸೇರಿದ್ದ ನೂರಾರು ಜನರ ನಡುವೆ ಗುಮ್ಮಟವನ್ನು ತೂರಿಕೊಂಡು ಬಂದು ಬಿದ್ದ ಬಾಂಬು ಸಿಡಿಯಲಿಲ್ಲ. ಅದಕ್ಕೆ ಅರ್ಧ ಗಂಟೆ ಸಾಕು.

ದಿನಗಳನ್ನು ಹೊಂದಿಸುವಾಗ ಎರಡು ಅಂಶಗಳನ್ನು ತಪ್ಪದೆ ಗಮನಿಸಿ. ಸಂತ ಜಾನ್ ಸಹ-ಕೆಥೆಡ್ರಲ್ ಭಾನುವಾರ ಪ್ರವಾಸಿಗರಿಗೆ ತೆರೆದಿರುವುದಿಲ್ಲ, ಆದ್ದರಿಂದ ಬಿರ್ಗು ಮತ್ತು ವಲೆಟ್ಟಾದ ದಿನ ವಾರದ ನಡುವೆ ಬರಲಿ. ಈಸ್ಟರ್ ಹಬ್ಬ ಕೆಲವು ವರ್ಷ ಏಪ್ರಿಲ್‌ನಲ್ಲೇ ಬರುತ್ತದೆ. ಅದಕ್ಕೆ ಮೊದಲಿನ ಶುಭ ಶುಕ್ರವಾರ ಸರ್ಕಾರಿ ಸ್ಮಾರಕಗಳೆಲ್ಲ ಮುಚ್ಚಿರುತ್ತವೆ. ತಮ್ಮ ವಾರದಲ್ಲಿ ಆ ದಿನ ಬಿದ್ದರೆ ಅದನ್ನು ತಮ್ಮನ ಮನೆಯಲ್ಲೇ ವಿಶ್ರಾಂತಿಗೆ ಇಟ್ಟುಕೊಂಡು, ಸಂಜೆ ಊರೂರುಗಳಲ್ಲಿ ವಿಗ್ರಹಗಳನ್ನು ಹೆಗಲ ಮೇಲೆ ಹೊತ್ತು ಸಾಗುವ ಮೆರವಣಿಗೆಗೆ ಹೊರಡಿ. ಹೈಪೋಜಿಯಮ್‌ನ ದಿನಾಂಕ ಸಿಕ್ಕಕೂಡಲೇ ಇಲ್ಲಿ ತಿಳಿಸಿದರೆ ಉಳಿದ ದಿನಗಳ ಬಸ್ ಸಮಯಗಳನ್ನು ನೋಡಿ ಹೇಳುತ್ತೇನೆ.